ಐಯಾ ನಾಪಾಗೆ ಹೋಗೋರು ಓದ್ಕೊಂಡು ಹೋಗಿ: ಸೈಪ್ರಸ್ಸಿನ ಗದ್ದಲದ ಬೀಚ್ ಊರಲ್ಲಿ ಹಗಲೂ ಸಿಗಬೇಕು, ರಾತ್ರಿನೂ ಸಿಗಬೇಕು ಅಂದ್ರೆ

ಐಯಾ ನಾಪಾ ಅಂತ ಹುಡುಕಿದ್ರೆ ಮೊದಲು ಬರೋದೇ ನೊರೆ ಪಾರ್ಟಿ, ಡಿಜೆ, ಬೆಳಗಿನ ಜಾವದ ತನಕ ಕುಣಿಯೋ ಹುಡುಗ್ರ ಫೋಟೋ. ಅದನ್ನ ನೋಡಿ "ಇದು ಫ್ಯಾಮಿಲಿಗೆ ಆಗೋ ಜಾಗ ಅಲ್ಲ ಬಿಡ್ರಿ" ಅಂತ ಪಟ್ ಅಂತ ತೀರ್ಮಾನ ಮಾಡಿ ಬೇರೆ ಊರು ಬುಕ್ ಮಾಡೋರು ಬೇಕಾದಷ್ಟು ಜನ ಇದಾರೆ, ಅದ್ರಲ್ಲೂ ಲಂಡನ್, ಜರ್ಮನಿ ಕಡೆ ಕೆಲಸದಲ್ಲಿರೋ ನಮ್ಮೋರು. ನಂಗೆ ಇದು ನಿಜವಾಗ್ಲೂ ಬೇಜಾರು, ಯಾಕಂದ್ರೆ ಸೈಪ್ರಸ್ ದ್ವೀಪದಲ್ಲಿ ತಿಳಿ ನೀರು, ನುಣುಪು ಬಿಳಿ ಮರಳು ಎರಡೂ ಒಟ್ಟಿಗೆ ಸಿಗೋದು ಈ ಆಗ್ನೇಯ ಮೂಲೆಯಲ್ಲೇ. ಇಲ್ಲಿ ಒಂದೇ ಊರಲ್ಲಿ ಎರಡು ಟೈಮ್‌ಟೇಬಲ್ ನಡೀತಾ ಇರುತ್ತೆ, ಬೆಳಿಗ್ಗೆ ಆರರಿಂದ ಹನ್ನೊಂದರ ತನಕ ಒಂದು ಊರು, ರಾತ್ರಿ ಹನ್ನೊಂದರಿಂದ ಬೆಳಗಿನ ಜಾವದ ತನಕ ಇನ್ನೊಂದು ಊರು. ನೀವು ಎಲ್ಲಿ ರೂಮ್ ತಗೋತೀರಿ, ಯಾವ ಹೊತ್ತಲ್ಲಿ ಎಲ್ಲಿರ್ತೀರಿ, ಇವೆರಡನ್ನ ಸರಿ ಮಾಡ್ಕೊಂಡ್ರೆ ಅಜ್ಜಿ ಮೊಮ್ಮಕ್ಕಳು ಬಂದ್ರೂ ಆಗುತ್ತೆ, ಕಾಲೇಜ್ ಗೆಳೆಯರ ಗ್ಯಾಂಗ್ ಬಂದ್ರೂ ಆಗುತ್ತೆ.

ಒಂಚೂರು ಹಿನ್ನೆಲೆ ಗೊತ್ತಿದ್ರೆ ಊರು ಅರ್ಥ ಆಗುತ್ತೆ. 1974ಕ್ಕೆ ಮುಂಚೆ ಇದು ಮೀನುಗಾರರ ಪುಟ್ಟ ಹಳ್ಳಿ. ಆಗ ಟೂರಿಸ್ಟ್‌ಗಳೆಲ್ಲ ಹೋಗ್ತಿದ್ದಿದ್ದು ಪಕ್ಕದ ಫಮಗುಸ್ತಾಗೆ, ಅಲ್ಲಿನ ವರೋಶಾ ಅನ್ನೋ ಬೀಚ್ ಬಡಾವಣೆ ತುಂಬಾ ಹೋಟೆಲ್‌ಗಳು. 1974ರಲ್ಲಿ ಟರ್ಕಿ ಸೈನ್ಯ ಬಂದು ದ್ವೀಪ ಎರಡು ಭಾಗ ಆದಾಗ ವರೋಶಾದ ಜನ ಎಲ್ಲ ಬಿಟ್ಟು ಓಡಬೇಕಾಯ್ತು, ಆ ಬಡಾವಣೆಗೆ ಬೇಲಿ ಬಿತ್ತು, ಟೂರಿಸಂ ಎಲ್ಲ ಈ ಕಡೆ ಐಯಾ ನಾಪಾ, ಪ್ರೊತಾರಾಸ್‌ಗೆ ಹೊರಳ್ತು. ಆಮೇಲೆ 2000ದ ಸುಮಾರಿಗೆ ಬ್ರಿಟನ್ನಿನ ಯುಕೆ ಗ್ಯಾರೇಜ್ ಅನ್ನೋ ಡಾನ್ಸ್ ಸಂಗೀತದೋರು ಬೇಸಿಗೆಗೆ ಇಲ್ಲೇ ಠಿಕಾಣಿ ಹೂಡಿದ್ರು, ಆಗಿಂದ ಪಾರ್ಟಿ ಊರು ಅನ್ನೋ ಹೆಸರು ಅಂಟ್ಕೊಂಡಿದ್ದು ಇವತ್ತಿಗೂ ಬಿಟ್ಟಿಲ್ಲ.

ಮೊದಲು ವೀಸಾ ನೋಡ್ಕೊಳ್ಳಿ, ಟಿಕೆಟ್ ಆಮೇಲೆ

ಸೈಪ್ರಸ್ 2004ರಿಂದ ಯುರೋಪಿಯನ್ ಯೂನಿಯನ್‌ನಲ್ಲಿದೆ, 2008ರಿಂದ ಯೂರೋ ನಡೆಯುತ್ತೆ, ಹಂಗಂತ ಶೆಂಗೆನ್ ದೇಶಗಳ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಜೊತೆಗೇ ಸೇರ್ಕೊಂಡು ಬಂದಿದ್ದಲ್ಲ, ಅದರ ವೀಸಾನೇ ಬೇರೆ ಇಟ್ಕೊಂಡಿತ್ತು, ಸೇರೋ ತಯಾರಿ ಈಚೆಗೆ ಜೋರಾಗಿ ನಡೀತಾ ಇದೆ. ಎರಡು ಸಲ ಅಥವಾ ಹಲವು ಸಲ ಒಳಗೆ ಬಿಡೋ ಶೆಂಗೆನ್ ವೀಸಾ ಚಾಲ್ತಿಯಲ್ಲಿದ್ರೆ ಅದ್ರ ಮೇಲೇ ಸೈಪ್ರಸ್ಸಿಗೆ ಬಿಡೋ ಪದ್ಧತಿ ಇದೆ, ಸಿಂಗಲ್ ಎಂಟ್ರಿ ವೀಸಾ ಇಟ್ಕೊಂಡು ಅದೇ ಧೈರ್ಯದಲ್ಲಿ ಹೊರಡಬೇಡಿ. ಯುಕೆಯಲ್ಲಿ ಇರೋರು ಇದನ್ನ ಎರಡು ಸಲ ಓದಿ: ಕೈಯಲ್ಲಿ ಇಂಡಿಯನ್ ಪಾಸ್‌ಪೋರ್ಟ್ ಇದ್ರೆ ಬ್ರಿಟನ್ನಿನ ರೆಸಿಡೆನ್ಸ್ ಪರ್ಮಿಟ್ ಇದೆ ಅನ್ನೋ ಒಂದೇ ಕಾರಣಕ್ಕೆ ವೀಸಾ ಬೇಡ ಅಂತ ಅಂದ್ಕೋಬೇಡಿ. ಇಂಡಿಯಾದಿಂದ ಹೊರಡೋರು ದೆಹಲಿಯಲ್ಲಿರೋ ಸೈಪ್ರಸ್ ಹೈಕಮಿಷನ್ ಏನು ಹೇಳುತ್ತೆ ಅಂತ ಆ ವಾರದ್ದೇ ಮಾಹಿತಿ ನೋಡಿ, ಹಳೇ ವಿಡಿಯೋ ನಂಬ್ಕೊಂಡು ದುಡ್ಡು ಕಟ್ಟಬೇಡಿ. ಇನ್ನೊಂದು ವಿಷಯ, ಟರ್ಕಿ ಹಿಡಿತದಲ್ಲಿರೋ ದ್ವೀಪದ ಉತ್ತರ ಭಾಗದಲ್ಲಿ ಎರ್ಜಾನ್ ಅಂತ ಒಂದು ಏರ್‌ಪೋರ್ಟ್ ಇದೆ, ಟಿಕೆಟ್ ಅಗ್ಗ ಕಾಣಬಹುದು, ಆದ್ರೆ ಅಲ್ಲಿಂದ ದ್ವೀಪದೊಳಗೆ ಬರೋದನ್ನ ಸೈಪ್ರಸ್ ಸರ್ಕಾರ ಕಾನೂನುಬದ್ಧ ಪ್ರವೇಶ ಅಂತ ಒಪ್ಪಲ್ಲ. ಲಾರ್ನಕಾ ಏರ್‌ಪೋರ್ಟಿಗೇ ಬನ್ನಿ.

ಬೆಂಗಳೂರಿಂದ ನೇರ ವಿಮಾನ ಇಲ್ಲ, ದುಬೈ, ದೋಹಾ, ಅಬುಧಾಬಿ ಹಿಂಗೆ ಗಲ್ಫ್ ಕಡೆ ಇಳಿದು ಹತ್ತಬೇಕು. ಲಂಡನ್ನಿಂದ ನಾಲ್ಕೂವರೆ ಗಂಟೆ ಚಿಲ್ಲರೆ.

ಯಾವ ತಿಂಗಳು

ಜುಲೈ ಆಗಸ್ಟ್‌ನಲ್ಲಿ ಊರು ಕಿಕ್ಕಿರಿದಿರುತ್ತೆ, ಬಿಸಿಲು 33, 34 ಡಿಗ್ರಿ, ಹೋಟೆಲ್ ರೇಟು ಮೇಲೆ. ಪಾರ್ಟಿಗೇ ಹೋಗೋರಿಗೆ ಇದೇ ಸೀಸನ್ನು, ಬೇರೆ ತಿಂಗಳಲ್ಲಿ ಆ ಜೋಶ್ ಇರಲ್ಲ. ಆಗಸ್ಟ್ 15 ಅಲ್ಲಿ ಮಾತೆ ಮರಿಯಮ್ಮನ ದೊಡ್ಡ ಹಬ್ಬ, ದ್ವೀಪದ ಜನಾನೂ ರಜಾ ಹಾಕಿ ಬೀಚಿಗೆ ಬರ್ತಾರೆ, ಆ ವಾರ ರೂಮ್ ಹುಡುಕೋದು ಕಷ್ಟ. ಮಕ್ಕಳು, ವಯಸ್ಸಾದೋರು ಜೊತೆಗಿದ್ರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದ ತನಕ ಹೋಗಿ ಅಂತ ನಾನು ಕಣ್ಮುಚ್ಕೊಂಡು ಹೇಳ್ತೀನಿ. ಬೇಸಿಗೆ ಪೂರ್ತಿ ಕಾದಿರೋ ಸಮುದ್ರ ಆಗ ಇನ್ನೂ ಬೆಚ್ಚಗೇ ಇರುತ್ತೆ, ಬಿಸಿಲು ಸುಡಲ್ಲ, ಸೆಪ್ಟೆಂಬರ್ ಕೊನೆಗೆ ಊರ ಸ್ಕ್ವೇರ್‌ನಲ್ಲಿ ಐಯಾ ನಾಪಾ ಉತ್ಸವನೂ ನಡೆಯುತ್ತೆ, ಹಾಡು ಕುಣಿತ ಎಲ್ಲ ಇರುತ್ತೆ. ಮೇ ತಿಂಗಳಲ್ಲಿ ಗಾಳಿ ಬೆಚ್ಚಗಿದ್ರೂ ನೀರು ತಣ್ಣಗಿರುತ್ತೆ, ನಮ್ಮ ಮೈಗೆ ಅದು ಸ್ವಲ್ಪ ಜಾಸ್ತಿನೇ ತಣ್ಣಗೆ. ನವೆಂಬರ್ ಆದ್ಮೇಲೆ ಹೋಟೆಲ್, ಬಾರ್ ಮುಕ್ಕಾಲು ಪಾಲು ಬಾಗಿಲು ಹಾಕ್ತವೆ.

ಈಸ್ಟರ್ ಆಗಿ ಐವತ್ತು ದಿನಕ್ಕೆ ಕತಾಕ್ಲಿಸ್ಮೋಸ್ ಅಂತ ಒಂದು ಹಬ್ಬ ಬರುತ್ತೆ, ಕಡಲ ದಡದ ಊರುಗಳಲ್ಲಿ ಜನ ಒಬ್ಬರಿಗೊಬ್ಬರು ನೀರೆರಚ್ತಾರೆ, ಅಂಗಡಿ ಹಾಕ್ತಾರೆ, ಜಾತ್ರೆ ಗಲಾಟೆ. ದಿನ ಹೊಂದಿಕೊಂಡ್ರೆ ಖಂಡಿತ ನೋಡಿ.

ರೂಮ್ ಎಲ್ಲಿ ತಗೋಬೇಕು, ಇದನ್ನ ನಿಧಾನವಾಗಿ ಓದಿ

ಎಲ್ಲಾ ನಿಂತಿರೋದು ಇದ್ರ ಮೇಲೆ. ಊರ ಮಧ್ಯ ಒಂದು ಚೌಕ ಇದೆ, ಸೆಫೆರಿಸ್ ಸ್ಕ್ವೇರ್ ಅಂತ, ಅದ್ರ ಸುತ್ತಮುತ್ತಲ ರಸ್ತೆಗಳಲ್ಲೇ ಬಾರು ಕ್ಲಬ್ಬುಗಳೆಲ್ಲ ಇರೋದು. ಈ ಸ್ಕ್ವೇರಿಂದ ಐದು ನಿಮಿಷದ ದಾರಿಯಲ್ಲಿ ರೂಮ್ ಮಾಡಿದ್ರೆ ರಾತ್ರಿ ನಡ್ಕೊಂಡೇ ವಾಪಸ್ ಬರಬಹುದು, ಟ್ಯಾಕ್ಸಿ ಖರ್ಚಿಲ್ಲ, ಕುಡಿದು ಗಾಡಿ ಓಡಿಸೋ ಪ್ರಶ್ನೆನೇ ಇಲ್ಲ, ಆದ್ರೆ ಬೆಳಗಿನ ಜಾವದ ತನಕ ಕಿಟಕಿ ಗಾಜು ಅದುರ್ತಾ ಇರುತ್ತೆ. ಗೆಳೆಯರ ಗ್ಯಾಂಗಿಗೆ ಸರಿ. ಮಗು ಮಲಗಿಸ್ಬೇಕಾದೋರು ಈ ಕಡೆ ತಲೆ ಹಾಕಬೇಡಿ, ಹೋಟೆಲ್ ಫೋಟೋ ಎಷ್ಟೇ ಚಂದ ಇದ್ರೂ ಮ್ಯಾಪಲ್ಲಿ ಸ್ಕ್ವೇರಿಂದ ಎಷ್ಟು ದೂರ ಅಂತ ಅಳೆದು ನೋಡಿ.

ನಡುವಿನ ದಾರಿ ಬೇಕು ಅನ್ನೋರಿಗೆ ಬಂದರಿನ ಪೂರ್ವಕ್ಕಿರೋ ಗ್ರೀಶಿಯನ್ ಬೇ ಕಡೆ ಚೆನ್ನಾಗಿರುತ್ತೆ, ಸ್ಕ್ವೇರಿಗೆ ನಡೆದು ಹೋಗೋಷ್ಟು ಹತ್ರ, ನಿದ್ದೆ ಬರೋಷ್ಟು ದೂರ. ಪಶ್ಚಿಮಕ್ಕೆ ನಿಸ್ಸಿ ಬೀಚ್, ಅದಕ್ಕೂ ಆಚೆ ಮಕ್ರೋನಿಸ್ಸೋಸ್, ಐಯಾ ತೆಕ್ಲಾ ಕಡೆ ಹೋದ್ರೆ ರಾತ್ರಿ ಸದ್ದು ಕಮ್ಮಿ ಆಗ್ತಾ ಹೋಗುತ್ತೆ, ಆದ್ರೆ ನಿಸ್ಸಿ ಬೀಚಲ್ಲಿ ಸೀಸನ್ ಟೈಮಲ್ಲಿ ಮಧ್ಯಾಹ್ನದ ಮೇಲೆ ಬೀಚ್ ಪಾರ್ಟಿ ಇರುತ್ತೆ ಅನ್ನೋದು ನೆನಪಿರಲಿ. ಪೂರ್ತಿ ಶಾಂತಿ ಬೇಕಾ, ಪಕ್ಕದ ಪ್ರೊತಾರಾಸ್‌ನಲ್ಲಿ ಉಳ್ಕೊಳ್ಳಿ, ಹತ್ತು ಕಿಲೋಮೀಟರ್ ಆಸುಪಾಸು, ಬಸ್ಸಲ್ಲಿ ಬಂದು ಹೋಗಬಹುದು.

ಅಡುಗೆ ಮಾಡ್ಕೊಳ್ಳೋಕೆ ಸಣ್ಣ ಜಾಗ ಇರೋ ಅಪಾರ್ಟ್‌ಮೆಂಟ್ ಹೋಟೆಲ್‌ಗಳು ಈ ಊರಲ್ಲಿ ತುಂಬಾ ಇವೆ. ಸಸ್ಯಾಹಾರಿಗಳಿಗೆ, ಮಕ್ಕಳಿಗೆ ಅನ್ನ ಮೊಸರು ಬೇಕೇ ಬೇಕು ಅನ್ನೋರಿಗೆ ಇದು ದೊಡ್ಡ ಅನುಕೂಲ. ಅಲ್ಲಿನ ಗಟ್ಟಿ ಮೊಸರು ಸೊಗಸಾಗಿರುತ್ತೆ.

ಏರ್‌ಪೋರ್ಟಿಂದ ಊರಿಗೆ, ಊರಲ್ಲಿ ಓಡಾಟ

ಲಾರ್ನಕಾ ಏರ್‌ಪೋರ್ಟಿಂದ ಸುಮಾರು 50 ಕಿಲೋಮೀಟರ್, ಹೈವೇ ಚೆನ್ನಾಗಿದೆ, ಮುಕ್ಕಾಲು ಗಂಟೆ ಸಾಕು. ಪಫೋಸ್ ಏರ್‌ಪೋರ್ಟ್ ದ್ವೀಪದ ಇನ್ನೊಂದು ತುದಿಯಲ್ಲಿದೆ, ಅಲ್ಲಿ ಇಳಿದ್ರೆ ಎರಡು ಗಂಟೆ ಹತ್ರ ರಸ್ತೆ ಮೇಲೇ ಕಳೆಯುತ್ತೆ, ಟಿಕೆಟಲ್ಲಿ ಉಳಿದಿದ್ದು ಟ್ಯಾಕ್ಸಿಗೆ ಹೋಗುತ್ತೆ. ರಾತ್ರಿ ಹೊತ್ತು ಇಳಿಯೋರು ಟ್ಯಾಕ್ಸಿ ಅಥವಾ ಶಟಲ್ ಮುಂಚೆನೇ ಬುಕ್ ಮಾಡಿ, ರೇಟ್ ಮಾತಾಡಿಕೊಂಡೇ ಹತ್ತಿ. ಹಗಲಲ್ಲಿ ಲಾರ್ನಕಾ ಊರಿಂದ ಇಂಟರ್‌ಸಿಟಿ ಬಸ್ ಇದೆ. ಐಯಾ ನಾಪಾ ಒಳಗೆ ವಾಟರ್‌ಪಾರ್ಕ್ ಕಡೆಯಿಂದ ಬೀಚ್ ಉದ್ದಕ್ಕೂ ಕೇಪ್ ಗ್ರೆಕೊ, ಪ್ರೊತಾರಾಸ್ ತನಕ ಓಡೋ ಲೋಕಲ್ ಬಸ್ಸುಗಳು ಇವೆ, ಬರೀ ಬೀಚ್ ಸುತ್ತೋರಿಗೆ ಅದೇ ಧಾರಾಳ ಆಯ್ತು, ಕಾರ್ ಬೇಕಿಲ್ಲ.

ಕಾರ್ ತಗೊಂಡ್ರೂ ನಮಗೆ ಅಲ್ಲಿ ಸುಲಭ. 1960ರ ತನಕ ಬ್ರಿಟಿಷರ ಕೈಯಲ್ಲಿದ್ದ ಜಾಗ, ಹಾಗಾಗಿ ಗಾಡಿ ಎಡಗಡೆನೇ ಓಡೋದು, ಸ್ಟೀರಿಂಗ್ ಬಲಕ್ಕೆ, ಪ್ಲಗ್ ಪಾಯಿಂಟ್ ಕೂಡ ಬ್ರಿಟಿಷ್ ಮಾದರಿ ಚೌಕ ಮೂರು ಪಿನ್ನು. ಇಂಡಿಯಾದಿಂದ ಹೋಗೋರು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಂಡು ಹೋಗಿ, ಒಂದು ಪ್ಲಗ್ ಅಡಾಪ್ಟರ್ ಇಟ್ಕೊಳ್ಳಿ. ಬಾಡಿಗೆ ಕಾರಿಗೆ ಕೆಂಪು ನಂಬರ್ ಪ್ಲೇಟ್ ಇರುತ್ತೆ. ಕ್ವಾಡ್ ಬೈಕ್, ಬಗ್ಗಿ ಬಾಡಿಗೆಗೆ ಕೊಡೋ ಅಂಗಡಿ ಮೂಲೆ ಮೂಲೆಗೂ ಇದಾವೆ, ಚಡ್ಡಿ ಚಪ್ಪಲಿಯಲ್ಲಿ ಹೆಲ್ಮೆಟ್ ಇಲ್ದೆ ಓಡಿಸೋರನ್ನ ನೋಡಿ ನಿಮಗೂ ಆಸೆ ಆಗುತ್ತೆ, ದಯವಿಟ್ಟು ಬೇಡ. ಅಭ್ಯಾಸ ಇಲ್ದೋರಿಗೆ ತಿರುವಲ್ಲಿ ಅವು ಸಲೀಸಾಗಿ ಪಲ್ಟಿ ಹೊಡೀತವೆ, ತಗೊಳ್ಳಲೇಬೇಕು ಅಂದ್ರೆ ಹೆಲ್ಮೆಟ್ ಹಾಕಿ, ನಿಮ್ಮ ಟ್ರಾವೆಲ್ ಇನ್ಶೂರೆನ್ಸ್ ಅದಕ್ಕೆ ಅನ್ವಯ ಆಗುತ್ತಾ ಅಂತ ಓದಿ ಆಮೇಲೆ ಕೀ ಮುಟ್ಟಿ.

ಬೀಚು: ಬೆಳಿಗ್ಗೆ ಎಂಟಕ್ಕೆ ನೀರಲ್ಲಿರಬೇಕು

ನಿಸ್ಸಿ ಬೀಚ್ ಫೋಟೋ ನೀವು ನೋಡಿರ್ತೀರಿ, ದಡದ ಮುಂದೆನೇ ಒಂದು ಪುಟ್ಟ ನಡುಗಡ್ಡೆ, ಅಲ್ಲಿಗೆ ಮೊಣಕಾಲು, ಸೊಂಟದ ಮಟ್ಟದ ನೀರಲ್ಲಿ ನಡ್ಕೊಂಡೇ ಹೋಗಬಹುದು. ಇದ್ರ ಸೊಬಗು ಇರೋದೇ ಬೆಳಿಗ್ಗೆ. ರಾತ್ರಿ ಕುಣಿದೋರೆಲ್ಲ ಮಲಗಿರ್ತಾರೆ, ಎಂಟು ಗಂಟೆ ಹೊತ್ತಿಗೆ ನೀರು ಗಾಜಿನಷ್ಟು ತಿಳಿ, ತಳದ ಮರಳಿನ ಗೆರೆ ಗೆರೆನೂ ಕಾಣುತ್ತೆ, ಮಕ್ಕಳು ಆರಾಮಾಗಿ ಆಡ್ಕೋತಾರೆ. ಹನ್ನೊಂದೂವರೆ ಹನ್ನೆರಡಕ್ಕೆ ಜನ ಬರೋಕೆ ಶುರು, ಮಧ್ಯಾಹ್ನದ ಮೇಲೆ ಬೀಚ್ ಬಾರಲ್ಲಿ ಡಿಜೆ, ಆಮೇಲೆ ಆ ಜಾಗ ಪಾರ್ಟಿಯೋರದ್ದು. ಫ್ಯಾಮಿಲಿಯವರು ಹನ್ನೆರಡಕ್ಕೆ ಎದ್ದು ಊಟಕ್ಕೆ ಹೋಗಿ, ಗ್ಯಾಂಗಿನೋರು ಎರಡಕ್ಕೆ ಬನ್ನಿ, ಇಬ್ಬರಿಗೂ ಖುಷಿ.

ನಿಸ್ಸಿ ತುಂಬಿದ್ರೆ ಪಕ್ಕದಲ್ಲೇ ಲಾಂಡಾ ಬೀಚ್ ಇದೆ, ಮರಳು ಅಷ್ಟೇ ಚೆನ್ನ, ಗದ್ದಲ ಕಮ್ಮಿ. ಇನ್ನೂ ಪಶ್ಚಿಮಕ್ಕೆ ಮಕ್ರೋನಿಸ್ಸೋಸ್, ಅಲ್ಲಿ ಬೀಚ್ ಪಕ್ಕದಲ್ಲೇ ಗ್ರೀಕ್ ರೋಮನ್ ಕಾಲದ, ಬಂಡೆ ಕೊರೆದು ಮಾಡಿರೋ ಗೋರಿಗಳಿವೆ, ಒದ್ದೆ ಟವೆಲ್ ಹೆಗಲ ಮೇಲೆ ಹಾಕ್ಕೊಂಡೇ ಹೋಗಿ ನೋಡ್ಬಹುದು. ನನ್ನ ಮನಸ್ಸಿಗೆ ಹತ್ತಿರದ್ದು ಮಾತ್ರ ಕೊನ್ನೋಸ್ ಬೇ. ಐಯಾ ನಾಪಾಗೂ ಪ್ರೊತಾರಾಸ್‌ಗೂ ನಡುವೆ, ಪೈನ್ ಮರದ ದಿಬ್ಬದ ಕೆಳಗೆ ಅಡಗಿರೋ ಕೊಲ್ಲಿ, ಗಾಳಿಗೆ ಮರೆ ಇರೋದ್ರಿಂದ ನೀರು ಅಲುಗಾಡಲ್ಲ. ಬೀಚು ಚಿಕ್ಕದು, ಪಾರ್ಕಿಂಗ್ ಬೇಗ ತುಂಬುತ್ತೆ, ಒಂಬತ್ತರೊಳಗೆ ಹೋಗ್ಬೇಕು, ವಾಪಸ್ ಹತ್ತೋವಾಗ ಏರು ಇದೆ, ಮಂಡಿ ನೋವಿರೋರಿಗೆ ಸ್ವಲ್ಪ ಕಷ್ಟ.

ಸನ್‌ಬೆಡ್, ಕೊಡೆಗೆ ಬಾಡಿಗೆ ಕೊಡಬೇಕು, ಕೆಲವು ಯೂರೋ ಅಷ್ಟೇ, ರಸೀದಿ ಇಟ್ಕೊಳ್ಳಿ. ಕೊಡೋಕೆ ಇಷ್ಟ ಇಲ್ವಾ, ಬೀಚೆಲ್ಲ ಸಾರ್ವಜನಿಕ ಜಾಗನೇ, ಖಾಲಿ ಮರಳಲ್ಲಿ ನಿಮ್ಮ ಟವೆಲ್ ಹಾಸ್ಕೊಂಡು ಕೂತ್ರೆ ಯಾರೂ ಕೇಳಲ್ಲ.

ಮಲ್ಪೆ, ಗೋಕರ್ಣದ ಅಲೆ ನೋಡಿ ಬೆಳೆದೋರಿಗೆ ಮೆಡಿಟರೇನಿಯನ್ ಕೆರೆ ಥರ ಕಾಣುತ್ತೆ, ಭರತ ಇಳಿತ ಇದೆಯೋ ಇಲ್ವೋ ಅನ್ನೋಷ್ಟು ಕಮ್ಮಿ. ಆ ಧೈರ್ಯದಲ್ಲೇ ಜನ ದೂರ ಹೋಗಿಬಿಡ್ತಾರೆ. ಲೈಫ್‌ಗಾರ್ಡ್ ಇರೋ ಬೀಚಲ್ಲೇ ಇಳೀರಿ, ಕೆಂಪು ಬಾವುಟ ಹಾರಿಸಿದ್ರೆ ಇಳೀಲೇಬೇಡಿ, ಈಜು ಬರದೋರು ಬರುತ್ತೆ ಅಂತ ಗೆಳೆಯರ ಮುಂದೆ ಹೇಳ್ಕೋಬೇಡಿ. ಬಂಡೆ ಇರೋ ಕಡೆ ಕಡಲ ಮುಳ್ಳುಚೆಂಡು ಇರ್ತವೆ, ಕಾಲಿಗೆ ಚುಚ್ಚಿದ್ರೆ ಎರಡು ದಿನ ಟ್ರಿಪ್ ಹಾಳು, ನೀರಲ್ಲಿ ಹಾಕೋ ರಬ್ಬರ್ ಶೂ ಒಂದು ಜೊತೆ ತಗೊಳ್ಳಿ. ಸನ್‌ಸ್ಕ್ರೀನ್ ನಮ್ಮ ಬಣ್ಣಕ್ಕೆ ಬೇಡ ಅನ್ನೋ ಮಾತು ಕೇಳಬೇಡಿ, ಮರಳಿನ ಮೇಲಿಂದ ವಾಪಸ್ ಹೊಡೆಯೋ ಬಿಸಿಲಿಗೆ ಯಾವ ಚರ್ಮ ಆದ್ರೂ ಸುಡುತ್ತೆ.

ಡೈವಿಂಗ್ ಇಷ್ಟ ಇರೋರಿಗೆ ಇಲ್ಲೊಂದು ಅಪರೂಪದ್ದಿದೆ, 2021ರಲ್ಲಿ ಶುರುವಾದ ನೀರಿನಡಿಯ ಶಿಲ್ಪಗಳ ಮ್ಯೂಸಿಯಂ, ಹೆಸರು ಮ್ಯೂಸಾನ್. ಜೇಸನ್ ಡಿಕೈರ್ಸ್ ಟೇಲರ್ ಅನ್ನೋ ಬ್ರಿಟಿಷ್ ಶಿಲ್ಪಿ ಮಾಡಿದ್ದು, ಸಮುದ್ರದ ತಳದಲ್ಲಿ ಮರಗಳು, ಮಕ್ಕಳು, ಒಂದು ಕಾಡೇ ನಿಂತಿದೆ, ತೊಂಬತ್ತಕ್ಕೂ ಮೇಲೆ ಆಕೃತಿಗಳು, ಬರ್ತಾ ಬರ್ತಾ ಅವುಗಳ ಮೇಲೆ ಪಾಚಿ ಬೆಳೆದು ಮೀನು ಮನೆ ಮಾಡ್ಕೊಳ್ಳಲಿ ಅಂತಾನೇ ಆ ಥರ ಮಾಡಿದಾರೆ. ಡೈವಿಂಗ್ ಸೆಂಟರ್ ಮೂಲಕ ಹೋಗಿ, ಹಿಂದಿನ ರಾತ್ರಿ ಕುಡಿದಿದ್ರೆ ಆ ದಿನ ಡೈವ್ ಬೇಡ.

ಕೇಪ್ ಗ್ರೆಕೊ, ಇದನ್ನ ಬಿಟ್ಟು ಬರಬೇಡಿ

ಊರಿಂದ ಪೂರ್ವಕ್ಕೆ ಭೂಮಿ ಮುಗಿದು ಸಮುದ್ರದೊಳಗೆ ಚಾಚಿರೋ ಮೂಗು ಇದು, ರಕ್ಷಿತ ಕಾಡು. ಬಿಳಿ ಸುಣ್ಣಕಲ್ಲಿನ ಕಡಿದಾದ ಬಂಡೆ, ಅದರಡಿ ಅಲೆ ಕೊರೆದ ಗುಹೆಗಳು, ನೀರಿನ ನೀಲಿ ಅಂತೂ ಒಂದೊಂದು ಮಾರಿಗೂ ಬೇರೆ. ದ್ವೀಪದ ಆಗ್ನೇಯ ತುದಿ ಆಗಿರೋದ್ರಿಂದ ಸೂರ್ಯೋದಯಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ, ಜೂನಲ್ಲಿ ಐದೂವರೆಗೆಲ್ಲ ಸೂರ್ಯ ಹುಟ್ಟುತ್ತೆ. ಕೊನ್ನೋಸ್‌ನಿಂದ ಐಯಿ ಅನಾರ್ಗಿರಿ ಅನ್ನೋ ಬಿಳಿ ನೀಲಿ ಬಣ್ಣದ ಪುಟ್ಟ ಚರ್ಚ್ ತನಕ ದಡದ ಮೇಲೇ ಕಾಲುದಾರಿ ಇದೆ, ಚರ್ಚ್ ಕೆಳಗೆ ಮೆಟ್ಟಿಲು ಇಳಿದ್ರೆ ಒಂದು ಗುಹೆ. ನೆರಳು ಎಲ್ಲೂ ಇಲ್ಲ, ಅಂಗಡಿನೂ ಇಲ್ಲ, ತಲಾ ಒಂದೂವರೆ ಲೀಟರ್ ನೀರು, ಟೋಪಿ, ಗಟ್ಟಿ ಶೂ ಇಲ್ದೆ ಹೋಗಬೇಡಿ, ಬೇಸಿಗೆಯಲ್ಲಿ ಒಂಬತ್ತರೊಳಗೆ ನಡಿಗೆ ಮುಗಿಸಿ.

ಸೀ ಕೇವ್ಸ್ ಹತ್ರ ಬಂಡೆ ಮೇಲಿಂದ ಹುಡುಗ್ರು ಸಮುದ್ರಕ್ಕೆ ಹಾರ್ತಾ ಇರ್ತಾರೆ, ವಿಡಿಯೋ ಮಾಡೋರು ಸುತ್ತ ನಿಂತಿರ್ತಾರೆ. ಕೆಳಗೆ ಬಂಡೆ ಎಲ್ಲಿದೆ ಅಂತ ಅಲ್ಲಿಯೋರಿಗೆ ಗೊತ್ತಿರುತ್ತೆ, ನಿಮಗೆ ಗೊತ್ತಿರಲ್ಲ. ಹಾರಬೇಡಿ, ನಿಮ್ಮ ಜೊತೆಯೋರು ಹಾರ್ತೀನಿ ಅಂದ್ರೆ ಕೈ ಹಿಡಿದು ನಿಲ್ಲಿಸಿ.

ರಾತ್ರಿ

ಹತ್ತು ಗಂಟೆಗೆ ಸ್ಕ್ವೇರಿಗೆ ಹೋಗಿ "ಏನೂ ಇಲ್ವಲ್ಲ" ಅಂತ ವಾಪಸ್ ಬರಬೇಡಿ. ಬಾರುಗಳು ಕಳೆಗಟ್ಟೋದು ಹನ್ನೊಂದರ ಮೇಲೆ, ದೊಡ್ಡ ಕ್ಲಬ್ಬುಗಳು ತುಂಬೋದು ಒಂದು ಎರಡು ಗಂಟೆ ಮೇಲೆ. ಹಂಗಾಗಿ ಮಧ್ಯಾಹ್ನ ಒಂದು ನಿದ್ದೆ, ರಾತ್ರಿ ಒಂಬತ್ತಕ್ಕೆ ಹೊಟ್ಟೆ ತುಂಬಾ ಊಟ, ಆಮೇಲೆ ಹೊರಡೋದು. ರಸ್ತೆಯಲ್ಲಿ ಬಾರಿನ ಹುಡುಗ್ರು ಹುಡುಗೀರು ಅಡ್ಡ ನಿಂತು ಫ್ರೀ ಶಾಟ್ ಇದೆ ಬನ್ನಿ ಅಂತಾರೆ, ನಗ್ತಾ ಬೇಡ ಅಂದ್ರೆ ಬಿಟ್ಬಿಡ್ತಾರೆ. ಒಳಗೆ ಹೋದ್ರೆ ಸಂಗೀತ ಇಷ್ಟ ಆಯ್ತಾ ನೋಡಿ, ಇಷ್ಟ ಆದ್ರೆ ಮಾತ್ರ ಕೂರಿ, ಬೆಲೆ ಪಟ್ಟಿ ನೋಡದೆ ಆರ್ಡರ್ ಬೇಡ. ನಾಲ್ಕು ಜನ ಸೇರಿ ಕುಡಿಯೋ ಬಟ್ಟಲು ಸೈಜಿನ ಕಾಕ್‌ಟೇಲ್ ಈ ಊರಲ್ಲಿ ಮಾಮೂಲು, ಅದ್ರಲ್ಲಿ ಎಷ್ಟು ಮದ್ಯ ಇದೆ ಅಂತ ಯಾರಿಗೂ ಲೆಕ್ಕ ಸಿಗಲ್ಲ. ನಿಮ್ಮ ಗ್ಲಾಸ್ ನಿಮ್ಮ ಕೈಯಲ್ಲೇ ಇರಲಿ, ಹೆಣ್ಮಕ್ಕಳು ಅಂತಲ್ಲ, ಎಲ್ಲರಿಗೂ ಹೇಳ್ತಿದೀನಿ. ಗುಂಪಲ್ಲಿ ಹೋದೋರು ಗುಂಪಲ್ಲೇ ವಾಪಸ್ ಬನ್ನಿ, ಒಬ್ಬರನ್ನ ಒಂಟಿಯಾಗಿ ಬಿಟ್ಟು ಬರೋದು ಬೇಡ. ಡ್ರಗ್ಸ್ ಯಾರಾದ್ರೂ ಕೊಡೋಕೆ ಬಂದ್ರೆ ಅಲ್ಲಿಂದ ನಡೀರಿ, ಅಲ್ಲಿ ಕಾನೂನು ಬಿಗಿ, ಪೊಲೀಸರು ಸಿವಿಲ್ ಡ್ರೆಸ್ಸಲ್ಲೂ ಇರ್ತಾರೆ, ವೀಸಾ ಮೇಲೆ ಹೋದೋರ ಭವಿಷ್ಯಾನೇ ಹೋಗುತ್ತೆ.

ಕುಡಿಯದೋರಿಗೆ, ಮಕ್ಕಳ ಜೊತೆ ಹೋದೋರಿಗೂ ಸಂಜೆ ಇದೆ. ಏಳರಿಂದ ಹತ್ತರ ತನಕ ಬಂದರಿನ ಕಡೆ ಓಡಾಡಿ, ದೋಣಿಗಳು, ಮೀನು ಹೋಟೆಲ್ಲು, ಐಸ್‌ಕ್ರೀಮು, ಆ ಹೊತ್ತಲ್ಲಿ ಅಲ್ಲಿ ಪೂರ್ತಿ ಕುಟುಂಬಗಳೇ ಇರೋದು. ಪಾರ್ಕೊ ಪಲ್ಯಾತ್ಸೊ ಅನ್ನೋ ಜಾತ್ರೆ ಥರದ ಪಾರ್ಕಲ್ಲಿ ತೊಟ್ಟಿಲು, ಜಾಯಿಂಟ್ ವೀಲು ಎಲ್ಲ ಇದೆ.

ಈ ಸ್ಕ್ವೇರಿನ ಪಕ್ಕದಲ್ಲೇ, ಬಾರಿನ ದೀಪಗಳಿಗೆ ಕಲ್ಲೆಸೆತದ ದೂರದಲ್ಲಿ, ಐಯಾ ನಾಪಾ ಮಠ ಇದೆ. ವೆನಿಸ್‌ನೋರು ಆಳ್ತಿದ್ದಾಗ, ಅಂದ್ರೆ ಸುಮಾರು 1500ರ ಹೊತ್ತಿಗೆ ಕಟ್ಟಿದ್ದು, ಒಂದು ಭಾಗ ಬಂಡೆಯೊಳಗೇ ಇದೆ. ಅಂಗಳದಲ್ಲಿ ಗುಮ್ಮಟದ ಕೆಳಗೆ ಎಂಟು ಮೂಲೆಯ ಅಮೃತಶಿಲೆಯ ಕಾರಂಜಿ, ಹೊರಗೆ ನೂರಾರು ವರ್ಷದ ದೊಡ್ಡ ಮರ, ನಮ್ಮ ಅತ್ತಿಮರದ ಜಾತಿಗೇ ಸೇರಿದ್ದು. ಭುಜ, ಮೊಣಕಾಲು ಮುಚ್ಚೋ ಬಟ್ಟೆ ಹಾಕ್ಕೊಂಡು ಬೆಳಿಗ್ಗೆ ಹೋಗಿ. ಪಾರ್ಟಿಗೆ ಬಂದ ಎಷ್ಟೋ ಜನ ಅದ್ರ ಗೋಡೆ ಪಕ್ಕದಲ್ಲೇ ದಿನಾ ಓಡಾಡಿ ಒಳಗೆ ಹೋಗದೇ ಊರು ಬಿಡ್ತಾರೆ.

ಊಟ, ಸಸ್ಯಾಹಾರಿಗಳು ಹೆದರಬೇಡಿ

ಮಾಂಸ ತಿನ್ನೋರಿಗೆ ಹೇಳೋದೇ ಬೇಡ, ಕಡ್ಡಿಗೆ ಚುಚ್ಚಿ ಕೆಂಡದಲ್ಲಿ ಸುಟ್ಟ ಮಾಂಸ ಸುವ್ಲಾಕಿ, ಕೊಚ್ಚಿದ ಮಾಂಸದ ಸಾಸೇಜ್ ಥರದ ಶೆಫ್ತಾಲ್ಯಾ, ಮೀನು, ಸ್ಕ್ವಿಡ್. ಮೆಝೆ ಅಂತ ತಗೊಂಡ್ರೆ ಸಣ್ಣ ಸಣ್ಣ ತಟ್ಟೆಯಲ್ಲಿ ಒಂದಾದ ಮೇಲೊಂದು ಬರ್ತಾನೇ ಇರುತ್ತೆ, ಮೊದಲ ನಾಲ್ಕು ತಟ್ಟೆಗೇ ಹೊಟ್ಟೆ ತುಂಬಿಸ್ಕೋಬೇಡಿ. ಶೆಫ್ತಾಲ್ಯಾ ಸಾಮಾನ್ಯವಾಗಿ ಹಂದಿ ಮಾಂಸದ್ದು, ತಿನ್ನದೋರು ಕೇಳಿ ತಗೊಳ್ಳಿ.

ಸಸ್ಯಾಹಾರಿಗಳಿಗೆ ಒಂದು ಉಪಾಯ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ವರ್ಷದಲ್ಲಿ ತುಂಬಾ ದಿನ ಮಾಂಸ, ಹಾಲು, ಮೊಟ್ಟೆ ಬಿಟ್ಟು ಉಪವಾಸದ ಊಟ ಮಾಡ್ತಾರೆ, ಅದಕ್ಕೆ ನಿಸ್ತಿಸಿಮೊ ಅಂತಾರೆ. ಬೀಚ್ ಮುಂದಿನ ಬರ್ಗರ್ ಜಾಗ ಬಿಟ್ಟು ಸ್ವಲ್ಪ ಒಳಗಿನ ತವರ್ನಾಗೆ, ಅಂದ್ರೆ ಅಲ್ಲಿನ ಊಟದ ಹೋಟೆಲ್ಲಿಗೆ ಹೋಗಿ ಈ ಪದ ಹೇಳಿ ಕೇಳಿದ್ರೆ ಅಲಸಂದೆ ಕಾಳನ್ನ ಸೊಪ್ಪು ಅಥವಾ ಎಳೆ ಕುಂಬಳದ ಥರದ ತರಕಾರಿ ಹಾಕಿ ಬೇಯಿಸಿ, ಮೇಲೆ ಆಲಿವ್ ಎಣ್ಣೆ ನಿಂಬೆಹುಳಿ ಬಿಟ್ಟ ಲೂವಿ ಸಿಗಬಹುದು, ಅನ್ನದ ಊರಿಂದ ಹೋದ ಹೊಟ್ಟೆಗೆ ತಣ್ಣಗಿರುತ್ತೆ. ಹಲೂಮಿ ಚೀಸ್ ಸೈಪ್ರಸ್ಸಿಂದೇ ಹೆಮ್ಮೆ, 2021ರಲ್ಲಿ ಯುರೋಪಿಯನ್ ಯೂನಿಯನ್ ಅದಕ್ಕೆ ಮೂಲಸ್ಥಾನದ ಮಾನ್ಯತೆ ಕೊಟ್ಟಿದೆ, ಕಾವಲಿ ಮೇಲೆ ಹುರಿದ್ರೂ ಕರಗಲ್ಲ, ಪಿಟಾ ರೊಟ್ಟಿಯೊಳಗೆ ಇಟ್ಟು ಕೊಡ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಗಮನಿಸಿ, ಹಾಲು ಒಡೆಯೋಕೆ ಹಾಕೋ ರೆನ್ನೆಟ್ ಕೆಲವು ಸಲ ಪ್ರಾಣಿಮೂಲದ್ದು, ಪ್ಯಾಕೆಟ್ ಮೇಲೆ ಓದಿ ತಗೊಳ್ಳಿ.

ಊರಿನ ಹಿಂದೆ ಕೊಕ್ಕಿನೊಖೋರ್ಯಾ ಅನ್ನೋ ಕೆಮ್ಮಣ್ಣಿನ ಹಳ್ಳಿಗಳಿವೆ, ಆಲೂಗಡ್ಡೆಗೆ ಹೆಸರಾದವು. ಅದ್ರಲ್ಲಿ ಸೊತಿರಾ ಅನ್ನೋ ಹಳ್ಳಿ ಕೊಲೊಕಾಸಿಗೆ ಪ್ರಸಿದ್ಧ, ಅಂದ್ರೆ ನಮ್ಮ ಕೆಸುವಿನ ಗೆಡ್ಡೆನೇ. ಮಲೆನಾಡು, ಕರಾವಳಿಯೋರು ಅದನ್ನ ತಟ್ಟೆಯಲ್ಲಿ ನೋಡಿದ್ರೆ ಖುಷಿ ಪಡ್ತಾರೆ. ಹಂದಿ ಮಾಂಸ ಹಾಕಿ ಮಾಡೋದೇ ಜಾಸ್ತಿ, ಬರೀ ಸೆಲರಿ, ಟೊಮೆಟೊ ಹಾಕಿದ್ದಿದ್ಯಾ ಕೇಳಿ. ಕೀಳೋ ಕಾಲ ಚಳಿಗಾಲದ ಕಡೆಗೆ ಬರುತ್ತೆ, ಅಕ್ಟೋಬರಲ್ಲಿ ಹೋದೋರಿಗೆ ಸಿಗೋ ಸಾಧ್ಯತೆ ಜಾಸ್ತಿ.

ಅರ್ಧ ದಿನ ಬಿಡುವಿದ್ರೆ

ಥಲಾಸ್ಸಾ ಅಂತ ಸಮುದ್ರದ ಮ್ಯೂಸಿಯಂ ಊರೊಳಗೇ ಇದೆ, ಕ್ರಿ.ಪೂ. 4ನೇ ಶತಮಾನದ ಕೈರೇನಿಯಾ ಅನ್ನೋ ಗ್ರೀಕ್ ವ್ಯಾಪಾರಿ ಹಡಗಿನ ಪೂರ್ಣ ಗಾತ್ರದ ಪ್ರತಿರೂಪ ಅಲ್ಲಿದೆ, ಮಧ್ಯಾಹ್ನದ ಬಿಸಿಲಲ್ಲಿ ಎಸಿ ಒಳಗೆ ಇರೋಕೂ ಆಯ್ತು. ಗ್ರೀಕ್ ಪುರಾಣದ ಕಥೆ ಇಟ್ಕೊಂಡು ಮಾಡಿರೋ ವಾಟರ್‌ವರ್ಲ್ಡ್ ವಾಟರ್‌ಪಾರ್ಕಿಗೆ ಮಕ್ಕಳಿದ್ರೆ ಒಂದು ದಿನ ಇಡಿ.

ನಾನು ಒತ್ತಾಯ ಮಾಡಿ ಹೇಳೋದು ಮಾತ್ರ ದೆರಿನಿಯಾ. ಸ್ವಲ್ಪ ದೂರದ ಹಳ್ಳಿ, ಅಲ್ಲಿಂದ ವಿಶ್ವಸಂಸ್ಥೆಯ ಕಾವಲಿನ ಪಟ್ಟಿಯ ಆಚೆ ವರೋಶಾದ ಹೋಟೆಲ್ ಕಟ್ಟಡಗಳು ಕಾಣ್ತವೆ, 1974ರಿಂದ ಖಾಲಿ ಬಿದ್ದಿರೋ ಸಾಲು ಸಾಲು ಕಿಟಕಿ. 2020ರಲ್ಲಿ ಉತ್ತರ ಭಾಗದ ಆಡಳಿತದೋರು ಅದ್ರ ಒಂದು ಭಾಗಕ್ಕೆ ಜನರನ್ನ ಬಿಡೋಕೆ ಶುರು ಮಾಡಿದ್ರು, ಅದ್ರ ಬಗ್ಗೆ ಈಗ್ಲೂ ಜಗಳ ಇದೆ. ನೀವು ಕುಣಿದ ಊರು ಯಾಕೆ ಹುಟ್ಟಿತು ಅನ್ನೋದು ಅಲ್ಲಿ ನಿಂತ್ರೆ ಗೊತ್ತಾಗುತ್ತೆ. ಸೈನಿಕರ ಕಡೆ, ಕಾವಲು ಗೋಪುರದ ಕಡೆ ಕ್ಯಾಮೆರಾ ತಿರುಗಿಸಬೇಡಿ, ಆ ಹಳ್ಳಿಯೋರ ಜೊತೆ ಈ ವಿಷಯ ಮಾತಾಡೋವಾಗ ಮೆತ್ತಗೆ ಮಾತಾಡಿ, ಮನೆ ಕಳ್ಕೊಂಡೋರು ಇನ್ನೂ ಬದುಕಿದಾರೆ. ಗಡಿ ದಾಟೋ ಯೋಚನೆ ಇದ್ರೆ ನಿಮ್ಮ ವೀಸಾಕ್ಕೆ ತೊಂದರೆ ಆಗುತ್ತಾ ಕೇಳಿಕೊಂಡೇ ದಾಟಿ, ಈ ಕಡೆ ಬಾಡಿಗೆ ಕಾರಿನ ಇನ್ಶೂರೆನ್ಸ್ ಸಾಮಾನ್ಯವಾಗಿ ಆ ಕಡೆ ನಡೆಯಲ್ಲ.

ಇನ್ನುಳಿದ ಚಿಲ್ಲರೆ ವಿಷಯ: ತುರ್ತಿಗೆ 112ಕ್ಕೆ ಫೋನ್ ಮಾಡಿ, ಇಂಗ್ಲಿಷ್ ಎಲ್ಲ ಕಡೆ ನಡೆಯುತ್ತೆ. ಕಾರ್ಡ್ ನಡೆಯುತ್ತೆ, ಬಸ್ಸಿಗೆ, ಸನ್‌ಬೆಡ್ಡಿಗೆ ಚಿಲ್ಲರೆ ಯೂರೋ ಇಟ್ಕೊಳ್ಳಿ. ಬೇಸಿಗೆಯಲ್ಲಿ ನಮಗಿಂತ ಎರಡೂವರೆ ಗಂಟೆ ಹಿಂದೆ, ಮನೆಗೆ ಫೋನ್ ಮಾಡೋದಿದ್ರೆ ಅಲ್ಲಿ ಸಂಜೆ ಆರಾದ್ರೆ ಇಲ್ಲಿ ಎಂಟೂವರೆ. ವಾಪಸ್ ಹೊರಡೋ ದಿನ ಬೆಳಗಿನ ಫ್ಲೈಟ್ ಇದ್ರೆ ಹಿಂದಿನ ರಾತ್ರಿನೇ ಟ್ಯಾಕ್ಸಿ ಗೊತ್ತು ಮಾಡಿಡಿ, ಕ್ಲಬ್ ಮುಗಿಯೋ ಹೊತ್ತಿಗೆ ಸ್ಕ್ವೇರ್ ಹತ್ರ ಟ್ಯಾಕ್ಸಿ ಸಿಗೋದು ಕಷ್ಟ.